ಒಳಗೆಲ್ಲೋ ಸೋಂಕು, ಮೈಮೇಲೆ ತುರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳುಗಟ್ಟಲೆ ಮೈ ಕೆರೆದುಕೊಂಡು ಸುಸ್ತಾದವರು ಕೊನೆಗೆ ಕೇಳುವುದು ಒಂದೇ ಮಾತು: "ಒಳಗೆ ಏನಾದರೂ ಇನ್‌ಫೆಕ್ಷನ್ ಇದೆಯಾ?" ಕೆಲವೊಮ್ಮೆ ಇರುತ್ತದೆ. ಬಹಳ ಸಲ ಇರುವುದಿಲ್ಲ. ಯಾವಾಗ ಹುಡುಕಬೇಕು, ಯಾವಾಗ ಹುಡುಕಾಟ ಬಿಡಬೇಕು ಅನ್ನುವುದೇ ಇಲ್ಲಿನ ವಿಷಯ. ಓದಿ ತಿಳಿದುಕೊಳ್ಳಿ. ಔಷಧಿ ಮಾತ್ರ ನಿಮ್ಮ ಚರ್ಮವನ್ನು ಕಣ್ಣಾರೆ ನೋಡಿದ ಡಾಕ್ಟರಿಂದಲೇ ಬರೆಸಿಕೊಳ್ಳಿ.

ಸೋಂಕು ಎಲ್ಲೋ, ತುರಿಕೆ ಎಲ್ಲೋ. ಇದು ಹೇಗೆ ಸಾಧ್ಯ?

ದಾರಿಗಳು ಹಲವು. ಸೋಂಕಿನ ವಿರುದ್ಧ ಹೋರಾಡುವ ರೋಗನಿರೋಧಕ ಕಣಗಳು ರಕ್ತದಲ್ಲಿ ಮೈಯೆಲ್ಲ ಓಡಾಡುತ್ತವೆ. ಅವು ಒಂದು ಕಡೆ ಕೆರಳಿದರೆ ಇನ್ನೊಂದು ಕಡೆ ಚರ್ಮ ಕೆಂಪಾಗಬಹುದು. ಚರ್ಮದಲ್ಲಿ ಮಾಸ್ಟ್ ಕೋಶ ಅನ್ನುವ ಕಣಗಳಿವೆ. ಅವು ಒಡೆದು ಹಿಸ್ಟಮಿನ್ ಚೆಲ್ಲಿದರೆ ದದ್ದು ಏಳುತ್ತದೆ, ನವೆ ಶುರುವಾಗುತ್ತದೆ. ಕೆಲವು ಹುಳುಗಳು ಖುದ್ದಾಗಿ ಚರ್ಮದೊಳಗೆ ಓಡಾಡುತ್ತವೆ. ಲಿವರ್‌ಗೆ ಸೋಂಕು ತಗುಲಿ ಪಿತ್ತರಸದ ಹರಿವು ಕಟ್ಟಿಕೊಂಡರೆ ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲದೆ ತುರಿಕೆ ಬರುತ್ತದೆ.

ಹಾಗಾಗಿ "ಒಳಗಿನ ಸೋಂಕಿನಿಂದ ತುರಿಕೆ" ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಹಲವು ಬೇರೆ ಬೇರೆ ಕಾಯಿಲೆಗಳಿಗೆ ಅದು ಅನ್ವಯಿಸುತ್ತದೆ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಉಪಯೋಗವಿಲ್ಲ. ಕೆಲವು ಸಲ ಅಪಾಯವೂ ಹೌದು.

ಎಷ್ಟು ದಿನ ಇದ್ದರೆ ದೀರ್ಘಕಾಲದ ತುರಿಕೆ ಅನ್ನುತ್ತಾರೆ?

6 ವಾರ ದಾಟಿದರೆ. ಅದಕ್ಕಿಂತ ಮೊದಲು ತಾನಾಗಿಯೇ ಹೋಗುವ ತುರಿಕೆಗಳು ಜಾಸ್ತಿ.

ಸೋಂಕು ಹುಡುಕುವ ಮೊದಲು ಏನು ನೋಡಬೇಕು?

ಚರ್ಮವನ್ನೇ. ಇದನ್ನು ಬಿಟ್ಟು ನೇರ ರಕ್ತಪರೀಕ್ಷೆಗೆ ಓಡುವವರೇ ಹೆಚ್ಚು. ಮೊದಲು ಕಜ್ಜಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕಜ್ಜಿ ಅಂದರೆ ಒಂದು ಸಣ್ಣ ಕೀಟ ಚರ್ಮದ ಮೇಲ್ಪದರದಲ್ಲೇ ಕೊರೆದು ಮೊಟ್ಟೆ ಇಡುವ ಕಾಯಿಲೆ. ರಾತ್ರಿ ತುರಿಕೆ ಜಾಸ್ತಿ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಗುಪ್ತಾಂಗ, ಇವು ಅದರ ನೆಚ್ಚಿನ ಜಾಗಗಳು. ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಮೊದಲ ಸಲ ಕಜ್ಜಿ ಬಂದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಅದು ಮನೆಮಂದಿಗೆಲ್ಲ ಹರಡಿರುತ್ತದೆ. ಅದಕ್ಕೇ ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು. ಕೀಟ ಸತ್ತ ಮೇಲೂ 2ರಿಂದ 4 ವಾರ ತುರಿಕೆ ಉಳಿಯುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಅಂದುಕೊಂಡು ಪದೇ ಪದೇ ಹಚ್ಚಿಕೊಂಡರೆ ಚರ್ಮ ಸುಟ್ಟಂತಾಗಿ ತುರಿಕೆ ಹೆಚ್ಚುತ್ತದೆ ಅಷ್ಟೇ.

ಎರಡನೆಯದು ಒಣಚರ್ಮ. ವಯಸ್ಸಾದವರ ತುರಿಕೆಗೆ ಇದೇ ದೊಡ್ಡ ಕಾರಣ. ಕೇಳಲು ತೀರಾ ಸಾಮಾನ್ಯ ಅನ್ನಿಸುತ್ತದೆ, ಅದಕ್ಕೇ ಯಾರೂ ಒಪ್ಪುವುದಿಲ್ಲ!

ಮೈಮೇಲೆ ದಿನಾ ಪಿತ್ತದ ಗಂಧೆ ಏಳುತ್ತದೆ. ತಿಂಗಳುಗಳೇ ಆದವು. ಸೋಂಕು ಕಾರಣವೇ?

ಗಂಧೆ ಅಥವಾ ಅರ್ಟಿಕೇರಿಯಾ ಅಂದರೆ ಉಬ್ಬಿದ, ಕೆಂಪಗಿನ, ವಿಪರೀತ ತುರಿಸುವ ದದ್ದು. ಒಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೇ ಇಲ್ಲದಂತೆ ಮಾಯವಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಕಡೆ ಹೊಸದು ಎದ್ದಿರುತ್ತದೆ.

ಇಲ್ಲಿ ಎರಡು ಬಗೆಯನ್ನು ಬೇರೆ ಮಾಡಿ ನೋಡಬೇಕು. ಕೆಲವು ದಿನ, ಕೆಲವು ವಾರ ಇದ್ದು ಹೋಗುವ ಗಂಧೆಗೆ ವೈರಸ್ ಸೋಂಕು ಬಹಳ ಸಾಮಾನ್ಯ ಕಾರಣ, ಅದರಲ್ಲೂ ಮಕ್ಕಳಲ್ಲಿ. ನೆಗಡಿ, ಜ್ವರ ಬಂದು ಹೋದ ಮೇಲೆ ಮೈಯೆಲ್ಲ ದದ್ದು ಎದ್ದರೆ ಮನೆಯವರು ಊಟದಲ್ಲಿ ಕಾರಣ ಹುಡುಕುತ್ತಾರೆ. ಕಾರಣ ಆ ಜ್ವರವೇ ಆಗಿರುತ್ತದೆ.

6 ವಾರ ದಾಟಿದ ಗಂಧೆಯ ಕಥೆ ಬೇರೆ. ಅದರಲ್ಲಿ ಬಹುಪಾಲು ಹೊರಗಿನ ಯಾವ ಕಾರಣವೂ ಸಿಗುವುದಿಲ್ಲ. ಅನೇಕರಲ್ಲಿ ದೇಹವೇ ತನ್ನ ಮಾಸ್ಟ್ ಕೋಶಗಳನ್ನು ಕೆರಳಿಸುವ ಪ್ರತಿಕಾಯಗಳನ್ನು ತಯಾರಿಸಿಕೊಂಡಿರುತ್ತದೆ. ಥೈರಾಯ್ಡ್ ವಿರುದ್ಧ ಪ್ರತಿಕಾಯ ಇರುವವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಸೋಂಕು ಬಂದಾಗ ಈ ಗಂಧೆ ಜೋರಾಗುವುದು ನಿಜ. ಜೋರು ಮಾಡುವುದಕ್ಕೂ ಹುಟ್ಟಿಸುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಈ ವ್ಯತ್ಯಾಸ ಗಮನಿಸದೆ ಹೋದರೆ ಪ್ರತಿ ನೆಗಡಿಗೂ ಒಂದು ಹೊಸ ಪರೀಕ್ಷೆ ಶುರುವಾಗುತ್ತದೆ.

ಚಿಕಿತ್ಸೆ ಮಾತ್ರ ಚೆನ್ನಾಗಿಯೇ ಇದೆ. ನಿದ್ದೆ ಬರಿಸದ ಹೊಸ ಬಗೆಯ ಆಂಟಿಹಿಸ್ಟಮಿನ್ ಮಾತ್ರೆಯನ್ನು ದದ್ದು ಬಂದಾಗ ಮಾತ್ರವಲ್ಲದೆ ದಿನಾ ತೆಗೆದುಕೊಳ್ಳಬೇಕು. ಸಾಲದಿದ್ದರೆ ಡಾಕ್ಟರು ಅದನ್ನು ಮಾಮೂಲಿ ಪ್ರಮಾಣದ ನಾಲ್ಕು ಪಟ್ಟಿನವರೆಗೂ ಏರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮಾಬ್ ಅನ್ನುವ ಇಂಜೆಕ್ಷನ್ ಇದೆ, 4 ವಾರಕ್ಕೊಮ್ಮೆ. ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ. ಜ್ವರಕ್ಕೆ ಅಂತ ಅದನ್ನು ನುಂಗಿ, ದದ್ದು ಎದ್ದರೆ ಜ್ವರದ ಮೇಲೆ ಗೂಬೆ ಕೂರಿಸಬೇಡಿ.

ದದ್ದು 24 ಗಂಟೆಗಿಂತ ಜಾಸ್ತಿ ಉಳಿದರೆ?

ಒಂದು ಸುಲಭ ಉಪಾಯ ಇದೆ. ಹೊಸ ದದ್ದಿನ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು, ಟೈಮ್ ಬರೆದಿಡಿ. ಮಾರನೇ ದಿನವೂ ಅದೇ ದದ್ದು ಅದೇ ಗೆರೆಯೊಳಗೆ ಇದ್ದರೆ, ತುರಿಕೆಗಿಂತ ಉರಿ, ನೋವು ಜಾಸ್ತಿ ಇದ್ದರೆ, ಹೋದ ಮೇಲೆ ರಕ್ತ ಹೆಪ್ಪುಗಟ್ಟಿದಂಥ ಕಲೆ ಉಳಿದರೆ ಅದು ಮಾಮೂಲಿ ಗಂಧೆ ಆಗಿರಲಿಕ್ಕಿಲ್ಲ. ಸಣ್ಣ ರಕ್ತನಾಳಗಳ ಉರಿಯೂತ ಇರಬಹುದು. ಆಗ ಚರ್ಮದ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಮಾಡಿಸುತ್ತಾರೆ, ಏಕೆಂದರೆ ಆ ಎರಡೂ ಇದರ ಹಿಂದೆ ಇರಬಹುದು.

ಹೊಟ್ಟೆಯ ಎಚ್. ಪೈಲೊರಿ ಬ್ಯಾಕ್ಟೀರಿಯಾ ತೆಗೆದರೆ ಗಂಧೆ ಹೋಗುತ್ತದಂತೆ. ನಿಜವೇ?

ಈ ಬ್ಯಾಕ್ಟೀರಿಯಾದಿಂದ ಹೊಟ್ಟೆಹುಣ್ಣು ಬರುತ್ತದೆ ಅಂತ ತೋರಿಸಿದ್ದಕ್ಕೆ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಅಲ್ಲಿಂದೀಚೆಗೆ ಅದರ ತಲೆಗೆ ಕಟ್ಟದ ಕಾಯಿಲೆಯೇ ಇಲ್ಲ. ಗಂಧೆಯ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ರೋಗಿಗಳಲ್ಲಿ ಚಿಕಿತ್ಸೆ ಆದ ಮೇಲೆ ಗಂಧೆ ಕಡಿಮೆಯಾಗಿದೆ, ಕೆಲವರಲ್ಲಿ ಏನೂ ಆಗಿಲ್ಲ.

ತೊಡಕು ಎಲ್ಲಿದೆ ಅಂದರೆ, ಈ ಬ್ಯಾಕ್ಟೀರಿಯಾ ಲೋಕದ ಕೋಟ್ಯಂತರ ಜನರ ಹೊಟ್ಟೆಯಲ್ಲಿ ಸುಮ್ನೆ ಕೂತಿದೆ. ಗಂಧೆ ಇರುವ ಹತ್ತು ಜನರನ್ನು ಪರೀಕ್ಷಿಸಿದರೆ ಕೆಲವರಲ್ಲಿ ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ನನ್ನ ಅಭಿಪ್ರಾಯ ಇಷ್ಟು: ಹೊಟ್ಟೆಯುರಿ, ಹೊಟ್ಟೆನೋವು ಇದ್ದರೆ ಪರೀಕ್ಷೆ ಮಾಡಿಸಿ, ಸಿಕ್ಕರೆ ಹೊಟ್ಟೆಯ ಸಲುವಾಗಿ ಚಿಕಿತ್ಸೆ ಪಡೆಯಿರಿ. ಗಂಧೆ ಹೋದರೆ ಅದು ಲಾಭ. ಪರೀಕ್ಷೆಗೆ ಉಸಿರು ಅಥವಾ ಮಲ ಸಾಕು. ಆದರೆ 4 ವಾರದೊಳಗೆ ಆಂಟಿಬಯೋಟಿಕ್, 2 ವಾರದೊಳಗೆ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ ತೆಗೆದುಕೊಂಡಿದ್ದರೆ ಫಲಿತಾಂಶ ತಪ್ಪಾಗಿ ಬರಬಹುದು. ಮೊದಲೇ ಹೇಳಿಬಿಡಿ.

ಹುಳುಕು ಹಲ್ಲು, ಟಾನ್ಸಿಲ್ ತೆಗೆಸಿದರೆ ತುರಿಕೆ ಹೋಗುತ್ತದೆಯೇ?

ಈ ನಂಬಿಕೆಗೆ ದೊಡ್ಡ ಇತಿಹಾಸವೇ ಇದೆ. 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ವಿಲಿಯಂ ಹಂಟರ್, ಷಿಕಾಗೋದ ಫ್ರ್ಯಾಂಕ್ ಬಿಲ್ಲಿಂಗ್ಸ್ ಮೊದಲಾದ ಡಾಕ್ಟರುಗಳು ಒಂದು ವಾದ ಮುಂದಿಟ್ಟರು. ಹಲ್ಲಿನ ಬುಡ, ಟಾನ್ಸಿಲ್, ಸೈನಸ್‌ಗಳಲ್ಲಿ ಅಡಗಿದ ಸೋಂಕೇ ದೇಹದ ಉಳಿದ ಕಾಯಿಲೆಗಳಿಗೆ ಮೂಲ ಅನ್ನುವ ವಾದ. ಕೀಲುನೋವಿನಿಂದ ಹಿಡಿದು ಮಾನಸಿಕ ಕಾಯಿಲೆವರೆಗೆ ಎಲ್ಲದಕ್ಕೂ ಹಲ್ಲು ಕೀಳಿಸಿದರು, ಟಾನ್ಸಿಲ್ ಕತ್ತರಿಸಿದರು. ಅಮೆರಿಕದ ಹೆನ್ರಿ ಕಾಟನ್ ಅನ್ನುವ ಮನೋವೈದ್ಯರು ರೋಗಿಗಳ ಹಲ್ಲಷ್ಟೇ ಅಲ್ಲ, ದೊಡ್ಡ ಕರುಳನ್ನೂ ತೆಗೆಸಿದರು. ಎಷ್ಟೋ ಜನ ಸತ್ತರು. ಮುಂದಿನ ದಶಕಗಳಲ್ಲಿ ಲೆಕ್ಕ ಹಾಕಿ ನೋಡಿದಾಗ, ಹಲ್ಲು ಕಿತ್ತವರಿಗೂ ಕೀಳದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಾದ ಬಿದ್ದುಹೋಯಿತು.

ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಅಂಗೈ, ಅಂಗಾಲುಗಳಲ್ಲಿ ಕೀವಿನ ಗುಳ್ಳೆ ಬರುವ ಒಂದು ಕಾಯಿಲೆ ಇದೆ, ಪಾಮೊಪ್ಲಾಂಟಾರ್ ಪಸ್ಟುಲೋಸಿಸ್ ಅಂತ. ಜಪಾನಿನ ಡಾಕ್ಟರುಗಳು ಅದಕ್ಕೆ ಟಾನ್ಸಿಲ್ ಮತ್ತು ಹಲ್ಲಿನ ಸೋಂಕನ್ನು ಇವತ್ತಿಗೂ ಗಂಭೀರವಾಗಿ ನೋಡುತ್ತಾರೆ, ಚಿಕಿತ್ಸೆ ಮಾಡುತ್ತಾರೆ. ಗುಣ ಕಂಡವರೂ ಇದ್ದಾರೆ. (ಅದೇ ಕಾಯಿಲೆಗೆ ಸಿಗರೇಟಿನ ನಂಟು ಇನ್ನೂ ಗಟ್ಟಿ. ಆ ಮಾತು ರೋಗಿಗಳಿಗೆ ಅಷ್ಟು ರುಚಿಸುವುದಿಲ್ಲ.)

ಹಲ್ಲು ಹುಳುಕಾಗಿದ್ದರೆ ಹಲ್ಲಿಗೋಸ್ಕರ ಸರಿಮಾಡಿಸಿ. ಗಟ್ಟಿಮುಟ್ಟಾದ ಹಲ್ಲನ್ನು ತುರಿಕೆಗೋಸ್ಕರ ಕೀಳಿಸಬೇಡಿ.

ಕಾಲ್ಬೆರಳ ಸಂದಿಯಲ್ಲಿ ಫಂಗಸ್ ಇದೆ. ಆದರೆ ತುರಿಸುವ ನೀರುಗುಳ್ಳೆ ಬಂದಿರುವುದು ಕೈಬೆರಳಲ್ಲಿ! ಕೈಗೂ ಫಂಗಸ್ ಹರಡಿತೇ?

ಹರಡಿರಲೇಬೇಕು ಅಂತೇನಿಲ್ಲ. ಈ ಪಟ್ಟಿಯಲ್ಲೆಲ್ಲ ನನಗೆ ತುಂಬಾ ಸ್ವಾರಸ್ಯ ಅನ್ನಿಸುವುದು ಇದೇ. ಇದಕ್ಕೆ 'ಇಡ್' ಪ್ರತಿಕ್ರಿಯೆ ಅನ್ನುತ್ತಾರೆ. ಕಾಲಿನ ಫಂಗಸ್ ವಿರುದ್ಧ ಕೆರಳಿದ ರೋಗನಿರೋಧಕ ಶಕ್ತಿ ದೂರದ ಕೈಯಲ್ಲಿ ಎಕ್ಸಿಮಾದಂಥ (ಚರ್ಮ ಕೆಂಪಾಗಿ, ಒಡೆದು ತುರಿಸುವ ಕಾಯಿಲೆ) ಗುಳ್ಳೆಗಳನ್ನು ಎಬ್ಬಿಸುತ್ತದೆ. ಬೆರಳ ಅಂಚಿನಲ್ಲಿ, ಅಂಗೈಯಲ್ಲಿ ಸಬ್ಬಕ್ಕಿಯಂಥ ಸಣ್ಣ ನೀರುಗುಳ್ಳೆ, ತಡೆಯಲಾರದ ತುರಿಕೆ. ಆ ಗುಳ್ಳೆಯನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್ ಇರುವುದಿಲ್ಲ. ಕಾಲಿನ ಚರ್ಮ ಕೆರೆದು ನೋಡಿದರೆ ಇರುತ್ತದೆ. ಫಂಗಸ್ ಗುಣವಾದರೆ ಕೈಯೂ ತಾನಾಗಿಯೇ ಗುಣವಾಗುತ್ತದೆ. ಈ ಮೂರೂ ಸೇರಿದರೆ ಮಾತ್ರ ಇಡ್ ಅಂತ ಖಚಿತವಾಗಿ ಹೇಳಬಹುದು.

ಅಂದರೆ ಕೈಗೆ ಎಷ್ಟು ಫಂಗಸ್ ಮುಲಾಮು ಹಚ್ಚಿದರೂ ಪ್ರಯೋಜನ ಇಲ್ಲ. ಕೈಗೆ ಎಕ್ಸಿಮಾದ ಚಿಕಿತ್ಸೆ, ಕಾಲಿಗೆ ಫಂಗಸ್ ಚಿಕಿತ್ಸೆ. ಕೈಯಲ್ಲಿ ಪದೇ ಪದೇ ನೀರುಗುಳ್ಳೆ ಬರುತ್ತಿದ್ದರೆ ಡಾಕ್ಟರು ಸಾಕ್ಸ್ ಬಿಚ್ಚಿಸಿ ಕಾಲು ನೋಡಬೇಕು. ನೋಡದಿದ್ದರೆ ನೀವೇ ತೋರಿಸಿ. ಕೈಯ ಗುಳ್ಳೆಗೆ ಸೋಪು, ಕೆಮಿಕಲ್‌ಗಳ ಅಲರ್ಜಿಯೂ ಕಾರಣ ಆಗಬಹುದು, ಏನೂ ಕಾರಣ ಸಿಗದೆಯೂ ಬರಬಹುದು. ಕಾಲು ಚೊಕ್ಕವಾಗಿದ್ದರೆ ಈ ವಾದವನ್ನು ಅಲ್ಲಿಗೇ ಬಿಟ್ಟುಬಿಡಿ.

ಫಂಗಸ್ಸಿಗೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚುವುದು ಬೇಡವೇ ಬೇಡ. ಎರಡು ದಿನ ತುರಿಕೆ ಅಡಗುತ್ತದೆ, ಒಳಗೊಳಗೆ ಫಂಗಸ್ ಹಬ್ಬುತ್ತದೆ. ಅದರ ಚಹರೆಯೂ ಬದಲಾಗಿ ಚರ್ಮದ ಡಾಕ್ಟರಿಗೇ ಗುರುತು ಹಿಡಿಯಲು ಕಷ್ಟವಾಗುತ್ತದೆ.

ಮಗುವಿನ ತಲೆಯ ಹುಳುಕಡ್ಡಿಗೆ ಮಾತ್ರೆ ಶುರು ಮಾಡಿದೆವು. ಮೈಯೆಲ್ಲ ತುರಿಸುವ ಗುಳ್ಳೆ ಎದ್ದಿದೆ. ಮಾತ್ರೆಗೆ ಅಲರ್ಜಿಯೇ?

ಇರಬಹುದು. ಆದರೆ ಇದೂ ಇಡ್ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ತಲೆಯ ಫಂಗಸ್ಸಿನಲ್ಲಿ ಔಷಧಿ ಶುರುವಾದ ಸ್ವಲ್ಪ ದಿನಕ್ಕೇ ಮುಖ, ಕುತ್ತಿಗೆ, ಮೈ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುವುದುಂಟು. ಅಲರ್ಜಿ ಅಂದುಕೊಂಡು ಮಾತ್ರೆ ನಿಲ್ಲಿಸಿದರೆ ಮೂಲ ಕಾಯಿಲೆ ಉಳಿಯುತ್ತದೆ. ನೀವೇ ತೀರ್ಮಾನ ಮಾಡದೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮುಖ ಊದಿದರೆ, ಬಾಯಿ ಹುಣ್ಣಾದರೆ, ಚರ್ಮ ಸುಲಿದರೆ ಮಾತ್ರ ಮಾತ್ರೆ ನಿಲ್ಲಿಸಿ ತಕ್ಷಣ ಹೋಗಿ.

ಜಂತುಹುಳು ಇದ್ದರೆ ಮೈ ತುರಿಸುತ್ತದೆ ಅನ್ನುತ್ತಾರಲ್ಲ?

ಎಲ್ಲ ಹುಳುವೂ ಹಾಗೆ ಮಾಡುವುದಿಲ್ಲ. ಆದರೆ ಒಂದು ಹುಳುವಿನ ಬಗ್ಗೆ ವಿವರವಾಗಿಯೇ ಹೇಳಬೇಕು: ಸ್ಟ್ರಾಂಗಿಲಾಯ್ಡಿಸ್.

ಮನುಷ್ಯರ ಮಲ ಬೆರೆತ ಮಣ್ಣಿನಲ್ಲಿ ಇದರ ಮರಿಗಳಿರುತ್ತವೆ. ಬರಿಗಾಲಲ್ಲಿ ನಡೆದರೆ ಚರ್ಮ ತೂರಿ ಒಳಗೆ ಬರುತ್ತವೆ, ಶ್ವಾಸಕೋಶ ದಾಟಿ ಕರುಳು ಸೇರುತ್ತವೆ. ಬೇರೆ ಹುಳುಗಳಿಗೆ ಒಂದು ಆಯಸ್ಸು ಅಂತ ಇರುತ್ತದೆ, ಹೊರಗಿಂದ ಮತ್ತೆ ಬಾರದಿದ್ದರೆ ಸಂತತಿ ಮುಗಿಯುತ್ತದೆ. ಇದು ಹಾಗಲ್ಲ. ಇದರ ಮರಿಗಳು ಕರುಳಿನಿಂದಲೇ ಮತ್ತೆ ರಕ್ತಕ್ಕೆ ನುಗ್ಗಿ ಹೊಸ ಸುತ್ತು ಶುರುಮಾಡುತ್ತವೆ. ಹೀಗೆ ದಶಕಗಳ ಕಾಲ ಒಬ್ಬರ ಮೈಯಲ್ಲೇ ಬದುಕುತ್ತವೆ. ಎರಡನೇ ಮಹಾಯುದ್ಧದಲ್ಲಿ ಥಾಯ್ಲೆಂಡ್-ಬರ್ಮಾ ರೈಲುಮಾರ್ಗದ ಕೆಲಸಕ್ಕೆ ದುಡಿಸಿಕೊಂಡ ಯುದ್ಧಕೈದಿಗಳಲ್ಲಿ, ಊರಿಗೆ ಮರಳಿ ಹತ್ತಾರು ವರ್ಷ ಕಳೆದ ಮೇಲೂ ಈ ಹುಳು ಸಿಕ್ಕಿತ್ತು.

ಚರ್ಮದ ಮೇಲೆ ಇದು ಬಿಡುವ ಗುರುತು ವಿಶೇಷವಾದದ್ದು. ಪೃಷ್ಠ, ತೊಡೆ, ಹೊಟ್ಟೆಯ ಮೇಲೆ ಅಂಕುಡೊಂಕಾದ ಕೆಂಪು ಗೆರೆ ಮೂಡಿ, ಗಂಟೆಗೆ 5ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮುಂದೆ ಸಾಗುತ್ತದೆ. ಕೆಲವು ಗಂಟೆ, ಕೆಲವು ದಿನ ಇದ್ದು ಹೋಗುತ್ತದೆ, ಮತ್ತೆ ಬರುತ್ತದೆ. ಇನ್ನು ಕೆಲವರಲ್ಲಿ ಬರೀ ಗಂಧೆ ಅಥವಾ ಬರೀ ತುರಿಕೆ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಗೆರೆ ಮಾಯವಾಗುವುದರಿಂದ ಫೋನಿನಲ್ಲಿ ಫೋಟೋ ತೆಗೆದಿಡಿ.

ಒಂದು ಸಲದ ಮಲಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳುವುದೇ ಹೆಚ್ಚು. ರಕ್ತದ ಪ್ರತಿಕಾಯ ಪರೀಕ್ಷೆ ವಾಸಿ. ಒಂದೇ ಒಂದು ಅಲ್ಬೆಂಡಜೋಲ್ ಮಾತ್ರೆ ಇದಕ್ಕೆ ಸಾಲದು, ಐವರ್ಮೆಕ್ಟಿನ್ ಬೇಕು. ಮುಖ್ಯವಾದ ಮಾತು ಈಗ. ಈ ಹುಳು ಇದ್ದವರಿಗೆ ತುರಿಕೆಗೆಂದು ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟರೆ ಹುಳು ಮಿತಿಮೀರಿ ಹೆಚ್ಚಿ ಎಲ್ಲ ಅಂಗಗಳಿಗೂ ಹರಡಬಹುದು. ಜೀವಕ್ಕೇ ಅಪಾಯ. ಸ್ಟೀರಾಯ್ಡ್ ಶುರುಮಾಡುವ ಮೊದಲು "ಬಿಸಿ ಪ್ರದೇಶದಲ್ಲಿ ಬರಿಗಾಲಲ್ಲಿ ಓಡಾಡಿದ್ದೆ, ಮಣ್ಣಿನ ಕೆಲಸ ಮಾಡಿದ್ದೆ" ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ. ಅದು ಮೂವತ್ತು ವರ್ಷದ ಹಿಂದಿನ ಮಾತಾದರೂ ಸರಿ.

ರಕ್ತದಲ್ಲಿ ಇಯೊಸಿನೊಫಿಲ್ ಜಾಸ್ತಿ ಇದೆ ಅಂದರು. ಅಂದರೆ ಹುಳುವೇ?

ಇಯೊಸಿನೊಫಿಲ್ ಅಂದರೆ ಒಂದು ಬಗೆಯ ಬಿಳಿ ರಕ್ತಕಣ. ರಕ್ತದ ಒಂದು ಮೈಕ್ರೋಲೀಟರಿಗೆ 500 ದಾಟಿದರೆ ಜಾಸ್ತಿ ಅನ್ನುತ್ತಾರೆ. ಹುಳು ಒಂದು ಕಾರಣ. ಆಸ್ತಮಾ, ಎಕ್ಸಿಮಾ, ಔಷಧಿಯ ಅಲರ್ಜಿಯಲ್ಲೂ ಏರುತ್ತದೆ. ಹುಳು ಇದ್ದೂ ಏರದೇ ಇರಬಹುದು.

ಮಗು ರಾತ್ರಿ ಗುದದ ಹತ್ತಿರ ಕೆರೆದುಕೊಳ್ಳುತ್ತದೆ.

ದಾರದಂಥ ಬಿಳಿ ಹುಳು. ಹೆಣ್ಣುಹುಳು ರಾತ್ರಿ ಹೊರಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ಬೆಳಿಗ್ಗೆ ಮಗು ಎದ್ದ ಕೂಡಲೇ, ತೊಳೆಯುವ ಮೊದಲು, ಪಾರದರ್ಶಕ ಅಂಟುಪಟ್ಟಿಯನ್ನು ಅಲ್ಲಿ ಒತ್ತಿ ಲ್ಯಾಬಿಗೆ ಕೊಟ್ಟರೆ ಮೊಟ್ಟೆ ಸಿಗುತ್ತದೆ. ಮಾತ್ರೆಯನ್ನು ಎರಡು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು, ಮನೆಯವರಿಗೂ ಕೊಡಬೇಕು. ಉಗುರು ಕತ್ತರಿಸಿ.

ತುರಿಕೆಯೇ ಮುಖ್ಯ ಸಂಕಟವಾಗಿರುವ ಸೋಂಕು ಯಾವುದಾದರೂ ಇದೆಯೇ?

ಇದೆ. ಆಂಕೊಸರ್ಕಿಯಾಸಿಸ್. ನದಿಕುರುಡು ಅಂತ ಹೆಸರಾಗಿದ್ದರೂ ಕಣ್ಣು ಹೋಗುವವರಿಗಿಂತ ತುರಿಕೆಯಿಂದ ನರಳುವವರೇ ಹೆಚ್ಚು. ವೇಗವಾಗಿ ಹರಿಯುವ ನೀರಿನ ಬಳಿ ಬೆಳೆಯುವ ಕಪ್ಪು ನೊಣ ಕಚ್ಚಿದಾಗ ಹುಳುವಿನ ಮರಿ ಮೈ ಸೇರುತ್ತದೆ. ದೊಡ್ಡ ಹುಳುಗಳು ಚರ್ಮದಡಿ ಗಂಟುಗಳಲ್ಲಿ ಹತ್ತು-ಹದಿನೈದು ವರ್ಷ ಬದುಕುತ್ತವೆ. ಅವು ಹಾಕುವ ಲಕ್ಷಾಂತರ ಮರಿಗಳು ಚರ್ಮದಲ್ಲಿ ತೆವಳುತ್ತ ಸಾಯುತ್ತವೆ. ಸತ್ತ ಮರಿಗಳ ವಿರುದ್ಧ ದೇಹ ಕೆರಳುವುದೇ ತುರಿಕೆ. ವರ್ಷಗಟ್ಟಲೆ ಕೆರೆದು ಚರ್ಮ ದಪ್ಪವಾಗುತ್ತದೆ, ಮೊಣಕಾಲಿನ ಕೆಳಗೆ ಚಿರತೆ ಚರ್ಮದಂತೆ ಬಿಳಿ ಮಚ್ಚೆ ಬೀಳುತ್ತದೆ, ನಿದ್ದೆ ಹಾಳಾಗುತ್ತದೆ.

ರೋಗಿಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಜನ ಆಫ್ರಿಕಾದವರು. ಯೆಮನ್‌ನಲ್ಲಿ, ಬ್ರೆಜಿಲ್-ವೆನೆಜುವೆಲಾ ಗಡಿಯಲ್ಲಿ ಸ್ವಲ್ಪ ಉಳಿದಿದೆ. ಐವರ್ಮೆಕ್ಟಿನ್ ಮೂಲವಸ್ತುವನ್ನು ಕಂಡುಹಿಡಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ 2015ರ ನೊಬೆಲ್ ಹಂಚಿಕೊಂಡರು. ಮರ್ಕ್ ಕಂಪನಿ 1987ರಿಂದ ಈ ಕಾಯಿಲೆಗೆ ಅದನ್ನು ಉಚಿತವಾಗಿ ಕೊಡುತ್ತಿದೆ. 2013ರಲ್ಲಿ ಕೊಲಂಬಿಯಾ ಈ ರೋಗದಿಂದ ಮುಕ್ತವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು, 2025ರಲ್ಲಿ ನೈಜರ್. ಆ ಮಾತ್ರೆ ಮರಿಗಳನ್ನು ಮಾತ್ರ ಕೊಲ್ಲುವುದರಿಂದ ವರ್ಷಗಟ್ಟಲೆ ನುಂಗುತ್ತಲೇ ಇರಬೇಕು. ಲೋವಾ ಲೋವಾ ಅನ್ನುವ ಇನ್ನೊಂದು ಹುಳು ಮೈತುಂಬ ಇರುವವರಿಗೆ ಅದೇ ಮಾತ್ರೆಯಿಂದ ಮೆದುಳಿಗೆ ಅಪಾಯ ಆಗುವುದುಂಟು. ಈ ಹುಳುಗಳಿರುವ ಜಾಗಗಳಿಗೆ ಹೋಗಿ ಬಂದವರು ಸ್ವಂತವಾಗಿ ಔಷಧಿ ತೆಗೆದುಕೊಳ್ಳಬಾರದು.

ಗಂಟಲು ನೋವು ಬಂದು ಹೋಯಿತು. ಎರಡು ಮೂರು ವಾರಕ್ಕೆ ಮೈಮೇಲೆ ಹನಿಹನಿಯಾಗಿ ಹೊಟ್ಟು ಉದುರುವ ಮಚ್ಚೆಗಳು.

ಗಟ್ಟೇಟ್ ಸೋರಿಯಾಸಿಸ್ ಇರಬಹುದು. ಮಕ್ಕಳು, ಹದಿಹರೆಯದವರಲ್ಲಿ ಜಾಸ್ತಿ. ಗಂಟಲಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವೇ ಇದನ್ನು ಕೆರಳಿಸುವುದು. ಈ ನಂಟು ಗಟ್ಟಿಯಾಗಿ ಸಾಬೀತಾಗಿದೆ. ಆದರೂ ಆಂಟಿಬಯೋಟಿಕ್ ಕೊಟ್ಟರೆ ಮಚ್ಚೆ ಬೇಗ ಹೋಗುತ್ತದೆ ಅನ್ನುವುದಕ್ಕೆ ಪುರಾವೆ ಸಾಲದು. ಗಂಟಲಲ್ಲಿ ಸೋಂಕು ಇನ್ನೂ ಇದ್ದರೆ ಅದಕ್ಕೆ ಕೊಡುತ್ತಾರೆ, ಅಷ್ಟೇ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಮಾಸುತ್ತದೆ. ಕೆಲವರಲ್ಲಿ ದೀರ್ಘಕಾಲದ ಸೋರಿಯಾಸಿಸ್ ಆಗಿ ಉಳಿಯುತ್ತದೆ.

ಒಂದು ಗುಳ್ಳೆಯೂ ಇಲ್ಲ, ಅಂಗೈ ಅಂಗಾಲು ತುರಿಸಿ ತುರಿಸಿ ನಿದ್ದೆ ಬರುವುದಿಲ್ಲ.

ಲಿವರ್ ನೋಡಬೇಕು. ಪಿತ್ತರಸ ಕಟ್ಟಿಕೊಂಡ ತುರಿಕೆ ಹೀಗೇ ಇರುತ್ತದೆ, ರಾತ್ರಿ ಜೋರು. ಮೂತ್ರ ಗಾಢವಾಗಿ, ಮಲ ಬಿಳಿಚಾಗಿ, ಕಣ್ಣು ಹಳದಿಯಾದರೆ ಅದು ಕಾಮಾಲೆ. ಹೆಪಟೈಟಿಸ್ ವೈರಸ್‌ಗಳು ಒಂದು ಕಾರಣ. ಪಿತ್ತಕೋಶದ ಕಲ್ಲು, ಔಷಧಿ, ಬೇರೆ ಲಿವರ್ ಕಾಯಿಲೆಗಳೂ ಇವೆ. ಗರ್ಭಿಣಿಯರಿಗೆ ಹೀಗಾದರೆ ತಡ ಮಾಡಬಾರದು. ಗರ್ಭಾವಸ್ಥೆಯ ಪಿತ್ತದೋಷ ಮಗುವಿಗೆ ಅಪಾಯ ತರಬಲ್ಲದು, ಅದಕ್ಕೂ ಸೋಂಕಿಗೂ ಸಂಬಂಧ ಇಲ್ಲದಿದ್ದರೂ.

ಇಲ್ಲಿ ಒಂದು ತಮಾಷೆ ಇದೆ. ಈ ತುರಿಕೆಗೆ ರಿಫಾಂಪಿಸಿನ್ ಕೊಡುವುದುಂಟು. ಅದು ಕ್ಷಯದ ಆಂಟಿಬಯೋಟಿಕ್. ತುರಿಕೆ ಇಳಿದರೆ "ನೋಡಿ, ಸೋಂಕಿತ್ತು" ಅನ್ನಬೇಡಿ. ಅದು ಲಿವರಿನ ಕಿಣ್ವಗಳನ್ನು ಚುರುಕು ಮಾಡಿ ತುರಿಕೆ ತಗ್ಗಿಸುತ್ತದೆ, ಬ್ಯಾಕ್ಟೀರಿಯಾ ಕೊಂದು ಅಲ್ಲ.

ಹೆಪಟೈಟಿಸ್ ಸಿ ಇನ್ನೊಂದು ದಾರಿಯಲ್ಲೂ ತುರಿಕೆ ತರುತ್ತದೆ. ಮಣಿಕಟ್ಟು, ಕಾಲಿನ ಗಂಟಿನ ಬಳಿ ನೇರಳೆ ಬಣ್ಣದ ಚಪ್ಪಟೆ ಗುಳ್ಳೆ, ಕೆನ್ನೆಯ ಒಳಗೆ ಬಲೆಯಂಥ ಬಿಳಿ ಗೆರೆ ಇದ್ದರೆ ಅದು ಲೈಕೆನ್ ಪ್ಲೇನಸ್. ಅದಿರುವವರಲ್ಲಿ ಹೆಪಟೈಟಿಸ್ ಸಿ ಉಳಿದವರಿಗಿಂತ ಹೆಚ್ಚಾಗಿ ಸಿಗುತ್ತದೆ. ಎಲ್ಲರಲ್ಲೂ ಅಲ್ಲ. ಪರೀಕ್ಷೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಆ ವೈರಸ್ ಈಗ 8ರಿಂದ 12 ವಾರದ ಮಾತ್ರೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನರಲ್ಲಿ ಪೂರ್ತಿ ಹೋಗುತ್ತದೆ.

ಎಚ್‌ಐವಿ ಪರೀಕ್ಷೆ ಮಾಡಿಸಿ ಅಂದರು. ತುರಿಕೆಗೂ ಅದಕ್ಕೂ ಏನು?

ಹೆದರಬೇಡಿ, ಅದು ಅನುಮಾನದ ಮಾತಲ್ಲ. ಕೈಕಾಲಿನ ಮೇಲೆ ತಿಂಗಳುಗಟ್ಟಲೆ ತುರಿಸುವ ಗಟ್ಟಿ ಗುಳ್ಳೆಗಳು ಎಚ್‌ಐವಿಯ ಮೊದಲ ಸುಳಿವಾಗಬಹುದು. ಸೊಳ್ಳೆ, ಕೀಟದ ಕಡಿತಕ್ಕೆ ದೇಹ ವಿಪರೀತವಾಗಿ ಸ್ಪಂದಿಸುವುದರಿಂದ ಹೀಗಾಗುತ್ತದೆ ಅಂತ ತಜ್ಞರು ಭಾವಿಸುತ್ತಾರೆ. ಮುಖ, ಎದೆಯ ಕೂದಲಬುಡದಲ್ಲಿ ತುರಿಸುವ ಗುಳ್ಳೆ ಬರುವ ಇನ್ನೊಂದು ಬಗೆ ಸಾಮಾನ್ಯವಾಗಿ ಸಿಡಿ4 (ಎಚ್‌ಐವಿ ನಾಶಮಾಡುವ ರೋಗನಿರೋಧಕ ಕಣ) ಎಣಿಕೆ 250ಕ್ಕಿಂತ ಇಳಿದಾಗ ಕಾಣುತ್ತದೆ. ಎರಡಕ್ಕೂ ನಿಜವಾದ ಮದ್ದು ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿಗಳು. ಅದನ್ನು ಶುರುಮಾಡಿದ ಮೊದಲ ದಿನಗಳಲ್ಲಿ ತುರಿಕೆ ಸ್ವಲ್ಪ ಹೆಚ್ಚಬಹುದು. ಬಿಡಬೇಡಿ.

ಎಕ್ಸಿಮಾದವರ ಚರ್ಮದ ಬ್ಯಾಕ್ಟೀರಿಯಾವೂ ತುರಿಕೆ ತರುತ್ತದೆಯೇ?

ಹೌದು. ಎಕ್ಸಿಮಾ ಇರುವ ಹೆಚ್ಚಿನವರ ಚರ್ಮದಲ್ಲಿ ಸ್ಟಾಫಿಲೊಕಾಕಸ್ ಆರಿಯಸ್ ಇರುತ್ತದೆ. ಮೂಗಿನೊಳಗೂ ಮನೆ ಮಾಡಿಕೊಂಡಿರುತ್ತದೆ. 2023ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಕೆಲಸದಲ್ಲಿ, ಈ ಬ್ಯಾಕ್ಟೀರಿಯಾ ಬಿಡುವ ವಿ8 ಅನ್ನುವ ಕಿಣ್ವ ನರಗಳನ್ನೇ ನೇರವಾಗಿ ಕೆರಳಿಸಿ ತುರಿಕೆ ತರುತ್ತದೆ ಅಂತ ತೋರಿಸಿದರು. ಆಂಟಿಹಿಸ್ಟಮಿನ್ ಮಾತ್ರೆ ನುಂಗಿದರೂ ಎಕ್ಸಿಮಾದ ತುರಿಕೆ ಏಕೆ ಜಗ್ಗುವುದಿಲ್ಲ ಅನ್ನುವುದಕ್ಕೆ ಇಂಥ ದಾರಿಗಳೇ ಉತ್ತರ. ಚರ್ಮ ಒದ್ದೆಯಾಗಿ ಹಳದಿ ಹಕ್ಕಳೆ ಕಟ್ಟಿದರೆ ಸೋಂಕು ಮೇಲುಗೈ ಆಗಿದೆ ಅಂತ ಅರ್ಥ, ಆಗ ಚಿಕಿತ್ಸೆ ಬೇಕು. ಇಲ್ಲದಿದ್ದರೆ ಎಕ್ಸಿಮಾದ ಉರಿಯೂತ ಇಳಿಸಿದರೆ ಬ್ಯಾಕ್ಟೀರಿಯಾವೂ ತಗ್ಗುತ್ತದೆ.

ಯಾವ ಪರೀಕ್ಷೆ ಮಾಡಿಸಲಿ? ದೊಡ್ಡ ಪ್ಯಾಕೇಜ್ ಒಂದನ್ನು ಮಾಡಿಸಿಬಿಡಲೇ?

ಬೇಡ. ರಕ್ತದ ಎಣಿಕೆ, ಲಿವರ್, ಕಿಡ್ನಿ, ಸಕ್ಕರೆ, ಥೈರಾಯ್ಡ್, ಕಬ್ಬಿಣದ ಅಂಶ, ಇಷ್ಟರಿಂದ ಶುರುಮಾಡುವುದು ವಾಡಿಕೆ. ಹೆಪಟೈಟಿಸ್, ಎಚ್‌ಐವಿ, ಹುಳುವಿನ ಪರೀಕ್ಷೆಗಳನ್ನು ನಿಮ್ಮ ಕಥೆ ಕೇಳಿ ಸೇರಿಸಬೇಕು. ಗಂಧೆಗಂತೂ ಇನ್ನೂ ಕಡಿಮೆ ಪರೀಕ್ಷೆ ಸಾಕು. ಐವತ್ತು ಪರೀಕ್ಷೆ ಒಟ್ಟಿಗೆ ಮಾಡಿಸಿದರೆ ಎರಡು ಮೂರಾದರೂ ಅಂಕಿ ದಾಟಿ ಬರುತ್ತವೆ, ಕಾಯಿಲೆ ಇರಲಿ ಇಲ್ಲದಿರಲಿ. ಆಮೇಲೆ ಅದರ ಬೆನ್ನು ಹತ್ತಿ ಓಡುವುದೇ ಕೆಲಸ. ಪರೀಕ್ಷೆಯ ಹಣದಲ್ಲಿ ಅರ್ಧ ಗಂಟೆ ಕೂತು ಮಾತಾಡುವ ಡಾಕ್ಟರನ್ನು ಹುಡುಕುವುದು ಮೇಲು.

ಹೊಟ್ಟೆಯಲ್ಲಿ ಕ್ಯಾಂಡಿಡಾ ತುಂಬಿದೆ, ಡಿಟಾಕ್ಸ್ ಮಾಡಿ ಅನ್ನುತ್ತಾರೆ.

ಕ್ಯಾಂಡಿಡಾ ಒಂದು ಬಗೆಯ ಫಂಗಸ್. ಆರೋಗ್ಯವಂತರ ಕರುಳಿನಲ್ಲೂ ಅದು ಇರುತ್ತದೆ. ಅದೇ ತುರಿಕೆಗೆ ಮೂಲ ಅನ್ನುವುದಕ್ಕೆ ಆಧಾರ ಇಲ್ಲ. ಹಣ ಉಳಿಸಿ.

ಒಂದು ಕೋರ್ಸ್ ಆಂಟಿಬಯೋಟಿಕ್ ತೆಗೆದುಕೊಂಡು ನೋಡಿದರೆ ತಪ್ಪೇನು?

ಆಂಟಿಬಯೋಟಿಕ್ಕೇ ಮೈಮೇಲೆ ದದ್ದು ಎಬ್ಬಿಸುವ ಔಷಧಿಗಳಲ್ಲಿ ಮುಂದಿದೆ. ಆಮೇಲೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ವೈರಸ್ ಜ್ವರಕ್ಕೆ ಅಮಾಕ್ಸಿಸಿಲಿನ್ ಕೊಟ್ಟಾಗ ಮಗುವಿಗೆ ಗಂಧೆ ಎದ್ದರೆ "ಪೆನ್ಸಿಲಿನ್ ಅಲರ್ಜಿ" ಅಂತ ಚೀಟಿ ಅಂಟಿ ಜೀವನಪೂರ್ತಿ ಉಳಿಯುತ್ತದೆ. ಹಾಗೆ ಚೀಟಿ ಅಂಟಿದವರಲ್ಲಿ ಬಹುತೇಕರಿಗೆ, ಸರಿಯಾಗಿ ಪರೀಕ್ಷಿಸಿದಾಗ, ಅಲರ್ಜಿ ಇರುವುದೇ ಇಲ್ಲ.

ನನ್ನ ತುರಿಕೆ ಬೇರೆಯವರಿಗೆ ಅಂಟುತ್ತದೆಯೇ?

ಗಂಧೆ, ಇಡ್, ಸೋರಿಯಾಸಿಸ್, ಲೈಕೆನ್ ಪ್ಲೇನಸ್ ಅಂಟುವುದಿಲ್ಲ. ಅವುಗಳ ಹಿಂದಿನ ಸೋಂಕು ಅಂಟಬಹುದು. ಕಾಲಿನ ಫಂಗಸ್, ದಾರದ ಹುಳು, ಕಜ್ಜಿ ಅಂಟುತ್ತವೆ.

ಯಾವಾಗ ತಡಮಾಡದೆ ಓಡಬೇಕು?

ದದ್ದಿನ ಜೊತೆ ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಆ ಕ್ಷಣವೇ. ಕಣ್ಣು ಹಳದಿಯಾದರೆ, ಜ್ವರದ ಜೊತೆ ಚರ್ಮ ಸುಲಿದರೆ ಅದೇ ದಿನ. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ತೂಕ ಇಳಿಕೆ, ಕುತ್ತಿಗೆ ಅಥವಾ ಕಂಕುಳಲ್ಲಿ ಗಂಟು, ಇವುಗಳ ಜೊತೆ ತುರಿಕೆ ಇದ್ದರೆ ಅದೇ ವಾರ. ಕ್ಷಯವೂ ಇರಬಹುದು, ಹಾಜ್‌ಕಿನ್ ಲಿಂಫೋಮಾ ಅನ್ನುವ ಕ್ಯಾನ್ಸರೂ ಇರಬಹುದು.

ಸೋಂಕು ಸಿಕ್ಕಿತು, ಗುಣವೂ ಆಯಿತು. ತುರಿಕೆ ಹೋಗಿಲ್ಲ. ಏಕೆ?

ಮೂರು ಸಾಧ್ಯತೆ. ಒಂದು, ಆ ಸೋಂಕು ಕಾರಣವೇ ಆಗಿರಲಿಲ್ಲ, ಅದರ ಪಾಡಿಗೆ ಅದು ಇತ್ತು. ಎರಡು, ಚರ್ಮಕ್ಕೆ ಇನ್ನೂ ಸಮಯ ಬೇಕು. ಕೆರಳಿದ ರೋಗನಿರೋಧಕ ಶಕ್ತಿ ಸೋಂಕು ಹೋದ ದಿನವೇ ಶಾಂತವಾಗುವುದಿಲ್ಲ. ಮೂರನೆಯದು ಕೆರೆತವೇ ಒಂದು ಕಾಯಿಲೆಯಾಗಿ ನಿಂತಿರುವುದು. ಕೆರೆದರೆ ಚರ್ಮ ದಪ್ಪವಾಗುತ್ತದೆ, ನರಗಳು ಇನ್ನಷ್ಟು ಸೂಕ್ಷ್ಮವಾಗುತ್ತವೆ, ಅದಕ್ಕೆ ಮತ್ತೆ ತುರಿಸುತ್ತದೆ. ಕೊನೆಗೆ ಗಟ್ಟಿ ಗಂಟುಗಳಾಗಿ ಪ್ರುರೈಗೊ ನೊಡ್ಯುಲಾರಿಸ್ ಆಗುತ್ತದೆ. ಅದಕ್ಕೆ ಈಗ ಹೊಸ ಇಂಜೆಕ್ಷನ್‌ಗಳೂ ಇವೆ. ಡುಪಿಲುಮಾಬ್‌ಗೆ 2022ರಲ್ಲಿ, ನೆಮೊಲಿಜುಮಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಸೋಂಕಿನ ಚಿಕಿತ್ಸೆ ನಡೆಯುವಾಗಲೇ ತುರಿಕೆಗೂ ಚಿಕಿತ್ಸೆ ಕೇಳಿ ಪಡೆಯಿರಿ. "ಮೂಲ ಹೋಗಲಿ, ಆಮೇಲೆ ನೋಡೋಣ" ಅಂತ ಕಾಯುವುದರಲ್ಲಿ ಅರ್ಥವಿಲ್ಲ. ಸ್ನಾನವಾದ ಕೂಡಲೇ, ಮೈ ಇನ್ನೂ ತೇವ ಇರುವಾಗ, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಬಿಸಿನೀರು ಕಡಿಮೆ ಮಾಡಿ. ಉಗುರು ಮೊಂಡಾಗಿರಲಿ. ಕೆರೆಯಬೇಕು ಅನ್ನಿಸಿದ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ. ಒಂದು ತಿಂಗಳ ನಂತರವೂ ರಾತ್ರಿ ನಿದ್ದೆ ಕೆಡುತ್ತಿದ್ದರೆ ಡಾಕ್ಟರ ಹತ್ತಿರ ಮತ್ತೆ ಹೋಗಿ, ಮೊದಲಿನಿಂದ ಕಥೆ ಹೇಳಿ.